ಉಜ್ಜಿ ಹೋದ ಅಂಚು

೧೯ ನವೆಂಬರ್, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಊಟ ಸೇರಲಿಲ್ಲ.

ಅಡೂರಿನಲ್ಲಿ ಬಾವಿ ತೋಡುವಾಗ ಸಿಕ್ಕಿದ, ಕಲ್ಲಾಗಿ ಹೋದ ಆಮೆಚಿಪ್ಪಿನ ತುಂಡುಗಳು. ಮಳೆಗಾಲ ಇಡೀ ಕೂತು ಜೋಡಿಸಿ ನೋಡುತ್ತಿದ್ದೆ. ಯಾವುದು ಯಾವುದರ ಪಕ್ಕದ್ದು ಅಂತ ಹೇಳುವುದು ಅಂಚಿನ ಗರಗಸದಂಥ ಹಲ್ಲು ಮಾತ್ರ. ಸರಿಯಾದ ಜೊತೆ ಸಿಕ್ಕಿದರೆ ಒಂದರ ಹಲ್ಲು ಇನ್ನೊಂದರ ಸಂದಿನಲ್ಲಿ ತಾನಾಗಿ ಕೂತುಬಿಡುತ್ತದೆ. ಇದು ಒಂದಲ್ಲ, ಎರಡು ಆಮೆ ಅಂತ ಸಂಶಯ ಬಂದದ್ದೂ ಅದರಿಂದಲೇ.

ಇವತ್ತು ರಜೆ ಮುಗಿಸಿ ಕಾಲೇಜಿಗೆ ಹೋದರೆ ಮೇಜಿನ ಮೇಲೆ ಒಂದು ಇಡೀ ಚಿಪ್ಪು! ತೆಂಗಿನೆಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿದೆ. ನಾಳೆಯ ಪ್ರದರ್ಶನಕ್ಕೆಂದು ನಮ್ಮ ವಿಭಾಗದ ಪ್ರವೀತ್ ಅಲ್ಲಿದ್ದ ತುಂಡುಗಳನ್ನೆಲ್ಲ ಅಂಟು ಹಾಕಿ ಕೂಡಿಸಿದ್ದಾನೆ.

"ಅಂಚು ಎಂತಕ್ಕೆ ಉಜ್ಜಿದ್ದು?" ಅಂದೆ.

"ಅರ ಹಾಕಿ ಉಜ್ಜದಿದ್ರೆ ಕೂರುವುದಿಲ್ಲ ಮಾರಾಯ್ತಿ. ಈಗ ನೋಡು, ಒಂದಾದ್ರೂ ಸಂದು ಕಾಣ್ತದಾ?"

ಕೂರದಿದ್ದರೆ ಅದು ಅದರ ಜಾಗ ಅಲ್ಲ ಅಂತ ಅರ್ಥ, ಪೆದ್ದ! ಮುಖಕ್ಕೇ ಹೇಳಿದೆ. "ಚಂದ ಉಂಟಲ್ಲ, ಬಂದವರಿಗೆ ಅಷ್ಟು ಸಾಕು" ಅಂತ ನಕ್ಕ. ಆ ನಗು! ಬಾಗಿಲು ಬಡಿದು ಬಂದೆ.

ಫೋಟೋ ತೆಗೆಯಲೆಂದು ಮೊದಲೇ ಮನೆಗೆ ತಂದಿದ್ದ ಒಂದು ತುಂಡು ಈಗ ಎದುರಿಗೆ ಉಂಟು. ಎಷ್ಟೋ ಲಕ್ಷ ವರ್ಷ ಮಣ್ಣಿನೊಳಗಿದ್ದರೂ ಹಲ್ಲು ಒಂದೂ ಸವೆದಿಲ್ಲ. ಇದರ ಜೊತೆಯ ತುಂಡು ಆ ಮಿಂಚುವ ಚಿಪ್ಪಿನಲ್ಲಿ ಎಲ್ಲೋ ಉಂಟು. ಇನ್ನು ಪಕ್ಕಪಕ್ಕ ಇಟ್ಟರೂ ಇವಕ್ಕೆ ಪರಸ್ಪರ ಗುರುತು ಸಿಗಲಿಕ್ಕಿಲ್ಲ.