ಮೂಲೆಯ ಮಿಷನ್ನಿನ ಕವರ್ ತೆಗೆಯಿರಿ

ಅಲ್ಲ ಆಸ್ಪತ್ರೆಯ ಅಧೀಕ್ಷಕರೇ, ಮೂವತ್ತು ವರ್ಷದಿಂದ ಮಕ್ಕಳಿಗೆ ಅಂದಾಜಿನ ಮೇಲೆಯೇ ಡ್ರಿಪ್ ಏರಿಸುತ್ತಿದ್ದೇವೆ ಎಂದು ಬೆಳಿಗ್ಗೆ ಅಂದಿರಲ್ಲ, ಅದು ಹೆಮ್ಮೆಯ ಮಾತೋ, ತಪ್ಪೊಪ್ಪಿಗೆಯೋ? ನಿಮ್ಮ ಆಪರೇಷನ್ ಕೋಣೆಯ ಮೂಲೆಯಲ್ಲೊಂದು ಮಿಷನ್ ಇದೆ. ಸೂಜಿ ಚುಚ್ಚಬೇಕಿಲ್ಲ, ಎದೆಗೆ ಪಟ್ಟಿ ಅಂಟಿಸಿದರೆ ಗುಂಡಿಗೆ ಎಷ್ಟು ರಕ್ತ ತಳ್ಳುತ್ತಿದೆ ಎಂದು ತೋರಿಸುತ್ತದೆ. ಮಗುವಿಗೆ ಇನ್ನೂ ನೀರು ಬೇಕೋ ಸಾಕೋ ಎಂದು ತಿಳಿಯಲು ಅದು ನೆರವಾಗುತ್ತದೆ ಎಂದು ನಿಮ್ಮ ಅರಿವಳಿಕೆ ವೈದ್ಯರೇ ನನಗೆ ಹೇಳಿದರು. ಆಯುಧಪೂಜೆಗೆ ಅದಕ್ಕೆ ಕುಂಕುಮ ಇಟ್ಟಿದ್ದೀರಿ, ಪ್ಲಾಸ್ಟಿಕ್ ಕವರಿನ ಮೇಲೆಯೇ. ಮಕ್ಕಳ ಅಳತೆಯ ಪಟ್ಟಿಯನ್ನು ಇದುವರೆಗೆ ತರಿಸಿಯೇ ಇಲ್ಲವಂತೆ.

ಎರಡು ತಿಂಗಳ ಹಿಂದೆ ನನ್ನ ಅಕ್ಕ ತ್ರಿವೇಣಿಯ ಮಗಳು ರಂಜಿತಳಿಗೆ ಕರುಳು ತಿರುಚಿಕೊಂಡು ನಿಮ್ಮಲ್ಲಿ ಆಪರೇಷನ್ ಆಯಿತು. ಮೂರು ವರ್ಷ, ಹನ್ನೊಂದು ಕೆ.ಜಿ. ಹುಟ್ಟಿದಾಗಿನಿಂದ ಕಡ್ಡಿಯಂತಿದ್ದ ಮಗು ಹೊರಗೆ ಬಂದಾಗ ಕೆನ್ನೆ ಊದಿತ್ತು.

"ಲೇ ಕದಿರೇಶ, ಗ್ಲೂಕೋಸ್ ಹತ್ತಿ ಹೆಂಗೆ ಮೈ ತುಂಬ್ಕೊಂಡವ್ಳೆ ನೋಡೋ," ಎಂದು ಅಕ್ಕ ಅವಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು.

ಸಂಜೆಗೆ ಮಗು ಉಸಿರಿಗೆ ಒದ್ದಾಡಿತು. ನೀರು ಹೆಚ್ಚಾಗಿ ಶ್ವಾಸಕೋಶಕ್ಕೆ ಸೇರಿತ್ತಂತೆ. ನಾಲ್ಕು ದಿನ ಆಕ್ಸಿಜನ್. ಮಗುವಿಗೆ ತನ್ನ ಕಣ್ಣೇ ತಗುಲಿತು ಎಂದು ಅಕ್ಕ ಇವತ್ತಿಗೂ ಅಳುತ್ತಾಳೆ. ನಿಮ್ಮ ಫೈಲಿನಲ್ಲೂ ಅದೇ ಕಾರಣ ಬರೆದುಕೊಂಡಿದ್ದೀರಾ?

ನಾನು ಟೊಮೇಟೊ ತೋಟಗಳಿಗೆ ಡ್ರಿಪ್ ಪೈಪು ಹಾಕುವವನು. ವಾಲ್ವ್ ತಿರುಗಿಸುವ ಮೊದಲು ಬುಡದ ಮಣ್ಣನ್ನು ಕೈಯಲ್ಲಿ ಹಿಸುಕಿ ತೇವ ನೋಡುತ್ತೇವೆ. ಗಿಡಕ್ಕೆ ಸಿಗುವ ಈ ಮರ್ಯಾದೆ ಮಗುವಿಗೆ ಬೇಡವೇ? ಇದನ್ನೇ ಕೇಳಲು ಈ ಬೆಳಿಗ್ಗೆ ನಿಮ್ಮ ಕೋಣೆಗೆ ಬಂದಿದ್ದೆ.

"ಏನಪ್ಪಾ ಓದಿದೀಯ?" ಎಂದಿರಿ.

"ಟೆಂತ್ ಸಾರ್."

"ಮತ್ತೆ ಮಿಷನ್ ವಿಚಾರ ನಿನಗ್ಯಾಕೆ? ಹೋಗು, ಹೊರಗೆ ಕೂತ್ಕೋ."

ಒಪ್ಪಿದೆ ಸ್ವಾಮಿ. ಕವರ್ ತೆಗೆಯಲು ಯಾವ ಡಿಗ್ರಿ ಬೇಕೋ ಅದನ್ನಾದರೂ ತಿಳಿಸಿ.

ಅಂದಿನ ಆಪರೇಷನ್ನಿನಲ್ಲಿ ಹೊಟ್ಟೆಯ ಮೇಲೆ ಹೊರಗೆ ತೆಗೆದಿಟ್ಟ ಕರುಳಿನ ತುದಿಯನ್ನು ಒಳಗೆ ಸೇರಿಸಲು ಬರುವ ಗುರುವಾರ ರಂಜಿತಳಿಗೆ ಮತ್ತೆ ಆಪರೇಷನ್. ಬುಧವಾರದೊಳಗೆ ಮಕ್ಕಳ ಪಟ್ಟಿ ತರಿಸಿ, ಮಿಷನ್ ಹಚ್ಚಿ. ಆಗದಿದ್ದರೆ "ನಮ್ಮಲ್ಲಿ ಅಂದಾಜು ಮಾತ್ರ ಲಭ್ಯ" ಎಂದು ಬರೆದು, ಸಹಿ ಹಾಕಿ, ಆ ಮಿಷನ್ ಬಳಸುವ ಆಸ್ಪತ್ರೆಗೆ ಮಗುವನ್ನು ಕಳಿಸಿ. ಎರಡರಲ್ಲೊಂದು ಆಗಲೇಬೇಕು.

ಇದರ ಒಂದು ಪ್ರತಿ ಪತ್ರಿಕೆಗೆ ಹೋಗಿದೆ. ಇನ್ನೊಂದನ್ನು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ನೀವು ಫೋನಿನಲ್ಲಿದ್ದರೆ ತಲೆ ಎತ್ತುವ ತೊಂದರೆ ಬೇಡ. ಇಟ್ಟು ಹೊರಡುತ್ತೇನೆ. ಬಾಗಿಲನ್ನೂ ನಾನೇ ಮುಚ್ಚಿಕೊಂಡು ಹೋಗುತ್ತೇನೆ.

ಇಂತಿ,
ಗುರುವಾರಕ್ಕೆ ದಿನ ಎಣಿಸುತ್ತಿರುವ ಸೋದರಮಾವ,
ಕದಿರೇಶ, ಟೇಕಲ್