ಬ್ರೇಕ್ ಪೆಡಲಿನ ಸ್ವಿಚ್ಚು

ಮಾರ್ಚ್ ೧೪, ಶುಕ್ರವಾರ

ಲಾಂಗ್‌ರೀಚ್ ಊರಿನ ಮಹಾಜನಗಳೇ, ಕೇಳಿರಿ! ನರ್ಸ್ ಮೆರಿಲ್ ಅವರ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಸಸ್ಪೆನ್ಷನ್ ಎಚ್ಚರಿಕೆ ದೀಪವೂ ಬ್ರೇಕ್ ಎಚ್ಚರಿಕೆ ದೀಪವೂ ಒಟ್ಟಿಗೇ ಹತ್ತಿದಾಗ, ಗ್ಯಾರೇಜಿನ ನನ್ನ ಜೊತೆಗಾರ ಡೆಸ್ಮಂಡ್ ಹಾಕಿದ, ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಪಂಪೇ ಕಾರಣವೆಂದು ಪಬ್ಬಿನಲ್ಲಿ ಎಲ್ಲರೆದುರು ಗರ್ಜಿಸಿದವನು ನಾನು.

"ಒಂದ್ಸಲ ಬ್ರೇಕ್ ತುಳಿದು ಹಿಂದಿನ ದೀಪ ನೋಡೋ ಮಾರಾಯ," ಎಂದ ಡೆಸ್ಮಂಡ್.

"ಹೋಗಯ್ಯ, ನನಗೇ ಪಾಠ ಹೇಳ್ತೀಯಾ?"

ಹತ್ತು ವರ್ಷದ ಗೆಳೆಯ ಗ್ಯಾರೇಜಿನಿಂದ ತನ್ನ ಪಾನಾಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದ.

ಹೊಸ ಪಂಪು ಹಾಕಿದೆ. ಎರಡೂ ದೀಪ ಆರಲಿಲ್ಲ. ಇವತ್ತು ಮೆರಿಲ್ ಬ್ರೇಕ್ ತುಳಿದರು. ಹಿಂದಿನ ದೀಪ ಹತ್ತಲೇ ಇಲ್ಲ. ಪೆಡಲಿನ ಹೆಬ್ಬೆರಳಷ್ಟು ಸ್ವಿಚ್ಚು ಸತ್ತಿತ್ತು. ಪೆಡಲು ತುಳಿದಿದೆಯೋ ಇಲ್ಲವೋ ಎಂದು ತಿಳಿಯಲು ಬ್ರೇಕೂ ಸಸ್ಪೆನ್ಷನ್ನೂ ಎರಡೂ ಅದರ ಮಾತನ್ನೇ ಕೇಳುವುದು. ಹೋದ ತಿಂಗಳು ಅದನ್ನು ಕೂರಿಸಿದವನು ನಾನೇ.

ಥೂ, ಎಂಥ ಗಂಟಲಪ್ಪಾ ನನ್ನದು! ನಾಳೆ ಬೆಳಿಗ್ಗೆ ಡೆಸ್ಮಂಡನ ಮನೆ ಮುಂದೆ ನಿಂತು, ಅವನು ಬಾಗಿಲು ತೆಗೆಯದಿದ್ದರೂ ಸರಿ, ಬೀದಿಗೆಲ್ಲ ಕೇಳುವಂತೆ ಅದೇ ಗಂಟಲಿನಲ್ಲಿ ನನ್ನ ತಪ್ಪನ್ನು ಕೂಗಿ ಹೇಳುತ್ತೇನೆ.