ಅಜ್ಜಿಯ ಹಿಡಿ, ಮಾವನ ಹಿಡಿ

ಅಜ್ಜಿ,

ಇಷ್ಟು ದಿನ ಹೆದರಿಕೆಯಾದರೆ ಅಮ್ಮನಿಗೆ ಹೇಳುತ್ತಿದ್ದೆ. ಈಗ ಹೆದರಿಕೆ ಅಮ್ಮನದ್ದೇ. ನೀನು ಹೋಗಿ ಎರಡು ವರ್ಷವಾದರೂ ನಿನಗೇ ಬರೆಯುತ್ತಿದ್ದೇನೆ.

ನಮ್ಮೂರು ಬಾಯಾರಿನಲ್ಲಿ ಬೆಳಗ್ಗೆ ನೀನು ಕಾಮಾಲೆಯ ಸೊಪ್ಪು ಕೊಯ್ಯುವಾಗ ಬಟ್ಟಲು ಹಿಡಿದು ನಿಲ್ಲುತ್ತಿದ್ದವಳು ನಾನೇ ಅಲ್ಲವೇ? ದಿನಕ್ಕೊಂದು ಹಿಡಿ, ಮಜ್ಜಿಗೆಯಲ್ಲಿ ಅರೆದು, ಮೂರು ದಿನ. ತಕ್ಕಡಿಯಿಲ್ಲ, ಚಮಚವಿಲ್ಲ. ಸೊಪ್ಪಿನ ಹೆಸರನ್ನು ನೀನು ಹೇಳಿದ್ದು ನನಗೂ ನಿನ್ನ ಮಗ, ನನ್ನ ಮಾವನಿಗೂ ಮಾತ್ರ, ದೇವರ ದೀಪ ಮುಟ್ಟಿಸಿ ಆಣೆ ಹಾಕಿಸಿ. "ಬಾಯಿಬಿಟ್ಟರೆ ಮದ್ದಿನ ಗುಣ ಹೋಗ್ತದೆ, ನೆನಪುಂಟಲ್ಲ?" ಅಂದಿದ್ದೆ.

ಔಷಧಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ ದಿನ ಆ ಸೊಪ್ಪನ್ನೇ ಆರಿಸಿದೆ. ಗೈಡ್ ಮೇಡಂಗೆ ಹೇಳಿದ್ದು ಲ್ಯಾಟಿನ್ ಹೆಸರು ಮಾತ್ರ. ದೇವರ ದೀಪಕ್ಕೆ ಲ್ಯಾಟಿನ್ ಎಲ್ಲಿ ಗೊತ್ತಾಗಬೇಕು! ನಿನ್ನ ಬಳೆ ಮನೆಯಲ್ಲಿ ಆಗುವುದು ನನ್ನ ಕೈಗೊಂದೇ. ಹಾಗಾಗಿ ನನ್ನ ಹಿಡಿಯನ್ನೇ ತೂಗಿ ನಿನ್ನ ಅಳತೆ ಕಂಡುಕೊಂಡೆ. ಆ ಅಳತೆಯನ್ನು ಇಲಿಗಳ ಮೈತೂಕಕ್ಕೆ ಇಳಿಸಿ ಕೊಟ್ಟೆ, ಅವಕ್ಕೆ ಏನೂ ಆಗಲಿಲ್ಲ. ಅದರ ಎರಡರಷ್ಟು ಕೊಟ್ಟ ಇಲಿಗಳ ಯಕೃತ್ತು ಹಾಳಾಗಿತ್ತು. ನನಗೆ ತಟ್ಟನೆ ನೆನಪಾದದ್ದು ಮಾವನ ಕೈ. ಹರಿವಾಣದಷ್ಟು ಅಗಲದ ಕೈ. ನೀನು ಹೋದಮೇಲೆ ಮದ್ದು ಕೊಡುವವನು ಅವನೇ.

ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ ಅಜ್ಜಿ. ಮಾವನಿಗೆ ಬೇಜಾರಾದರೆ? ನಿನ್ನ ಹೆಸರು ಕೆಟ್ಟರೆ? ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡೋಣ ಅಂತ... ಆ ವಾರವೇ ಊರಲ್ಲಿ ಅಮ್ಮನ ಕಣ್ಣು ಹಳದಿಯಾಯಿತಂತೆ. ನನ್ನ ಓದಿಗೆ ತೊಂದರೆಯೆಂದು ಯಾರೂ ತಿಳಿಸಲಿಲ್ಲ. ನನಗೆ ಗೊತ್ತಾಗುವಷ್ಟರಲ್ಲಿ ಮಾವ ಮೂರು ದಿನವೂ ಮದ್ದು ಕೊಟ್ಟಾಗಿತ್ತು.

ಮೊನ್ನೆ ಹೊಸಂಗಡಿಯಲ್ಲಿ ಬಸ್ಸಿಳಿದಾಗ ಮಾವ ಕಾಯುತ್ತಿದ್ದ. "ಅಕ್ಕನಿಗೆ ವಾಂತಿ ನಿಲ್ಲುದಿಲ್ಲ ಮಾರಾಯ್ತಿ. ಆಸ್ಪತ್ರೆಗೆ ಸೇರಿಸಿದೆ. ಅಮ್ಮ ಕೊಡ್ತಿದ್ದ ಹಾಗೆಯೇ ನಾನು ಒಂದೇ ಹಿಡಿ ಕೊಟ್ಟದ್ದು." ಅವನ ಕೈಯನ್ನು ಹಿಡಿದುಕೊಂಡೆ. ನನ್ನ ಎರಡೂ ಕೈ ಸೇರಿದರೂ ಅದು ಮುಚ್ಚಲಿಲ್ಲ.

"ಎಂತ ಸೊಪ್ಪು ಕೊಟ್ಟದ್ದು? ಬೇಗ ಹೇಳಿ," ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು. ಮಾವ ನೆಲ ನೋಡಿದ. "ಹೇಳ್ಲಿಕ್ಕಾಗುದಿಲ್ಲ ಡಾಕ್ಟ್ರೇ, ಆಣೆ ಉಂಟು."

ನಾನು ಹೇಳಿದೆ. ಲ್ಯಾಟಿನ್‌ನಲ್ಲೂ ಹೇಳಿದೆ, ನೀನು ಹೇಳಿಕೊಟ್ಟ ಹೆಸರಿನಲ್ಲೂ ಹೇಳಿದೆ, ಆಚೆಯ ಮಂಚದವರಿಗೂ ಕೇಳುವ ಹಾಗೆ. ಎಷ್ಟು ಕೊಟ್ಟದ್ದೆಂದೂ ಹೇಳಿದೆ. ಮಾವ ಇವತ್ತು ತಾನು ಮದ್ದು ಕೊಟ್ಟವರ ಮನೆಮನೆಗೆ ಹೋಗಿದ್ದಾನೆ, ರಕ್ತ ಪರೀಕ್ಷೆ ಮಾಡಿಸಿ ಎನ್ನಲು.

ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನಾಳೆ ರಿಪೋರ್ಟ್ ಬರುತ್ತದೆ. ನನಗೆ ತುಂಬ ಹೆದರಿಕೆ. ಹೆಸರು ಹೇಳಿದರೆ ಗುಣ ಹೋಗುತ್ತದೆ ಅಂದಿದ್ದೆಯಲ್ಲ? ನೋಡು, ಹೇಳಿಬಿಟ್ಟೆ. ನಿನ್ನ ಮಾತು ನಿಜವಾಗಲಿ ಅಜ್ಜಿ. ಅಮ್ಮನ ಹೊಟ್ಟೆಗೆ ಹೋದದ್ದರ ಗುಣವೂ ಹೋಗಲಿ.